ಹದಿನಾರಕ್ಕಿಂತ ಕೆಳಗೆ

ಮೊನ್ನೆ ಭಾನುವಾರ ಎಸಿಯ ಫಿಲ್ಟರ್ ತೊಳೆಯಲು ಕೂತೆ. ಹೋದ ಬೇಸಿಗೆಯಲ್ಲೇ ತೊಳೆದಿಡಬೇಕಿತ್ತು. ನಾಳೆ ಮಾಡಿದರಾಯಿತು ಎನ್ನುವುದರಲ್ಲಿ ನಾನು ಹೆಸರುವಾಸಿ. ನಲ್ಲಿಯ ಕೆಳಗೆ ಹಿಡಿದರೆ ಧೂಳಿನ ಜೊತೆ ಕರಿಯ ಉಣ್ಣೆಯ ಎಳೆಗಳು ಬಂದವು. ತೊಯ್ದ ಕಂಬಳಿಯ ವಾಸನೆ ಬಚ್ಚಲು ತುಂಬಿತು. ಕುರಿ ಸಾಕಿದ ಮನೆಯಲ್ಲಿ ಬೆಳೆದವನು ನಾನು, ಆ ವಾಸನೆ ಮರೆಯುವಂಥದ್ದಲ್ಲ. ಎಳೆಗಳನ್ನು ಒಂದೊಂದಾಗಿ ಬಿಡಿಸಿ ಅಂಗೈಯಲ್ಲಿ ಇಟ್ಟುಕೊಂಡೆ.

ಕಂಬಳಿ ನನ್ನ ಸೋದರತ್ತೆ ಲಗಮವ್ವನದು. ಅವ್ವ ಬೇಗ ತೀರಿಕೊಂಡಿದ್ದರಿಂದ ಕಲ್ಲೋಳಿಯಲ್ಲಿ ನನ್ನನ್ನು ಸಾಕಿ ಓದಿಸಿದವಳು ಈಕೆಯೇ. ಆ ಮನೆಯಲ್ಲಿ ಇದ್ದದ್ದು ಒಂದೇ ಫ್ಯಾನು. ನಾನು ರೆಗ್ಯುಲೇಟರನ್ನು ಐದಕ್ಕೆ ತಿರುಗಿಸಿದೆನೋ ಇಲ್ಲವೋ, ಒಲೆಯ ಮುಂದಿನಿಂದಲೇ ಕೂಗು ಬರುತ್ತಿತ್ತು.

"ಎರಡಕ್ಕ ಇಡೋ ತಮ್ಮಾ. ಐದಕ್ಕ ಇಟ್ರ ಕರೆಂಟ ನುಂಗತೈತಿ."

ಅಂಕಿ ಸಣ್ಣದಾದರೆ ಖರ್ಚೂ ಸಣ್ಣದು, ಇದು ಆ ಮನೆಯ ಕಾನೂನು. ಬೀಗರು ಬಂದಾಗ ಮಾತ್ರ ಮೂರಕ್ಕೆ ಏರುತ್ತಿತ್ತು. ಬೀಗರು ಹೊರಟು ಅಂಗಳ ದಾಟುವುದರೊಳಗೆ ಮತ್ತೆ ಎರಡು.

ಹೋದ ಬೇಸಿಗೆಯಲ್ಲಿ ಅತ್ತೆಯ ಬಲಗಾಲಿನ ಮೊಣಕಾಲಿಗೆ ಆಪರೇಷನ್ ಆಯಿತು. ಗೋಕಾಕದ ನಮ್ಮ ಮನೆಗೆ ಕರೆತಂದೆವು. ಗೋಕಾಕದ ಏಪ್ರಿಲ್ ತಿಂಗಳು ನಿಮಗೆ ಗೊತ್ತಿದ್ದರೆ ನಾನು ಹೇಳಬೇಕಾದ್ದಿಲ್ಲ, ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ಸ್ಲ್ಯಾಬು ಕಾದು ಹೆಂಚಾಗುವ ಮನೆ ನಮ್ಮದು. ಬೆವರಿಗೆ ಹೊಲಿಗೆ ಕೀವಾದೀತೆಂದು ಹೆದರಿ ಆಕೆಯ ಕೋಣೆಗೆ ಎಸಿ ಹಾಕಿಸಿದೆ. ಇಪ್ಪತ್ನಾಲ್ಕಕ್ಕೆ ಇಟ್ಟು, ರಿಮೋಟ್ ಕೈಗೆ ಕೊಟ್ಟು, ಈ ಬಾಣ ಮೇಲಕ್ಕೆ, ಈ ಬಾಣ ಕೆಳಕ್ಕೆ ಎಂದು ತೋರಿಸಿದೆ. ಅಷ್ಟಕ್ಕೆ ನನ್ನ ಪಾಠ ಮುಗಿಯಿತು. ನಾನು ಹೈಸ್ಕೂಲಿನ ವಿಜ್ಞಾನದ ಮಾಸ್ತರ ಎಂಬುದನ್ನು ಇಲ್ಲಿ ನಾಚಿಕೆಯಿಂದಲೇ ಹೇಳುತ್ತಿದ್ದೇನೆ.

ಅಲ್ಲಿಯವರೆಗೆ ನಮಗೆ ಪುಕ್ಕಟೆ ಕರೆಂಟಿನ ಸೊನ್ನೆ ಬಿಲ್ಲು ಬರುತ್ತಿತ್ತು. ಮೊದಲ ತಿಂಗಳಿಗೇ ಮಿತಿ ದಾಟಿತು. ದಿನವಿಡೀ ಉತ್ತರಪತ್ರಿಕೆ ನೋಡಿ ಸೋತು ಬಂದಿದ್ದೆ. ಬಾಗಿಲಲ್ಲೇ ಬಿಲ್ಲು ಹಿಡಿದು ಹೆಂಡತಿಯ ಮುಂದೆ ಕೂಗಾಡಿದೆ.

"ಸೊನ್ನಿ ಬಿಲ್ ಹೋತ ನೋಡ! ಈ ಎಸಿ ನಮ್ಮನ್ನ ತಿಂದ ಹಾಕತೈತಿ."

"ಸಾವಕಾಶ ಮಾತಾಡ್ರಿ, ಅತ್ತಿಯವ್ರಿಗಿ ಕೇಳಸ್ತೈತಿ," ಎಂದಳು ಆಕೆ.

ಕೇಳಿಸಿತ್ತು. ಮರುತಿಂಗಳ ಬಿಲ್ಲು ಇನ್ನೂ ಜಾಸ್ತಿ ಬಂತು, ನನ್ನ ಗೊಣಗಾಟವೂ ಹೆಚ್ಚಾಯಿತು. ಅಷ್ಟರಲ್ಲಿ ಅತ್ತೆ ಊರಿಂದ ತನ್ನ ಕಂಬಳಿ ತರಿಸಿಕೊಂಡಿದ್ದಳು. ಒಂದು ಮಧ್ಯಾಹ್ನ ಕೋಣೆಯ ಬಾಗಿಲು ತೆರೆದರೆ ಮುಖಕ್ಕೆ ಐಸಿನಂಥ ಗಾಳಿ ಹೊಡೆಯಿತು. ಅತ್ತೆ ಕಿವಿ ಮುಚ್ಚುವಂತೆ ಕಂಬಳಿ ಹೊದ್ದು, ಕಾಲು ಚಾಚಿ, ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಳು. ರಿಮೋಟಿನಲ್ಲಿ ಹದಿನಾರು.

"ಹದಿನಾರಕ್ಕ ಇಟ್ಟ ಮತ್ತ ಕಂಬಳಿ ಹೊಚ್ಚಿಕೊಂಡ ಕುಂತೀಯಲ್ಲ ಅತ್ತಿ? ಭಾರಿ ಶೋಕಿ ಆತ ನಿಂದ!"

"ನಾ ತಡಕೋತೇನಿ ತಗೋಪಾ, ನನಗ ಥಂಡಿ ರೂಢಿ ಐತಿ," ಎಂದಳು.

ಅದು ನನಗೆ ಹಟದ ಮಾತಾಗಿ ಕೇಳಿತು. ಎರಡು ದಿನದಲ್ಲಿ ಅತ್ತೆ, ಮೊಣಕಾಲು ಪೂರ್ತಿ ಸರಿಹೋಗುವ ಮೊದಲೇ, ಕಲ್ಲೋಳಿಗೆ ಹೊರಟುನಿಂತಳು. ಇರು ಎಂದು ನಾನು ಬಾಯಿಮಾತಿಗೆ ಅಂದೆ. ನಿಜ ಹೇಳಬೇಕೆಂದರೆ ಒಳಗೊಳಗೇ ನಿರಾಳವಾಗಿತ್ತು.

ಮಳೆಗಾಲ ಕಳೆದ ಮೇಲೆ ಮೂಡಲಗಿಯಲ್ಲಿ ಮಾಸ್ತರರ ತರಬೇತಿಗೆ ಹೋದವನು, ಬರುವಾಗ ಕಲ್ಲೋಳಿಯಲ್ಲಿ ಇಳಿದೆ. ಚಹಾ ಕೊಟ್ಟ ಅತ್ತೆ ತಾನಾಗಿಯೇ ಮಾತು ತೆಗೆದಳು.

"ನಿನಗ ಬಿಲ್ ಭಾಳ ಬಂತಂತ ನಾ ದಿನಾ ಒಂದೊಂದ ಇಳಿಸ್ಕೋತ ಬಂದ್ನಿ ತಮ್ಮಾ. ಹದಿನಾರಕ್ಕ ಬಂದ ನಿಂತಬಿಡ್ತ ನೋಡು. ಎಷ್ಟ ಒತ್ತಿದ್ರೂ ಅದರ ಕೆಳಗ ಹೋಗವಲ್ದು. ನಾ ಏನ ಮಾಡ್ಲಿ?"

ಚಹಾದ ಕಪ್ಪು ಕೆಳಗಿಟ್ಟೆ. ಹದಿನಾರರ ಚಳಿ ಹಿಡಿಯಲು ಆ ಯಂತ್ರ ಬಿಡುವಿಲ್ಲದೆ ದುಡಿಯುತ್ತದೆ. ಇಪ್ಪತ್ತಾರಕ್ಕೆ ಇಟ್ಟರೆ ಕೋಣೆ ತಣ್ಣಗಾದ ಕೂಡಲೇ ಸುಮ್ಮನಾಗಿ, ಆಗಾಗ ಮಾತ್ರ ಏಳುತ್ತದೆ. ಇದನ್ನು ನಾನು ಎಷ್ಟೋ ವರ್ಷಗಳಿಂದ ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. ನನ್ನ ಬಿಲ್ಲು ಉಳಿಸಲು ಎಪ್ಪತ್ತು ದಾಟಿದ ಜೀವ, ಕೊಯ್ದ ಮೊಣಕಾಲು ಇಟ್ಟುಕೊಂಡು, ಒಂದು ತಿಂಗಳು ಚಳಿಯಲ್ಲಿ ನಡುಗಿತ್ತು. ನಾನು ಅದಕ್ಕೆ ಶೋಕಿ ಎಂದಿದ್ದೆ. ಆ ಹೊತ್ತಿಗೆ ನನ್ನ ಮೇಲೆ ನನಗೆ ಹುಟ್ಟಿದ ಹೇಸಿಗೆ ಇನ್ನೂ ಹೋಗಿಲ್ಲ. ಆದರೂ ಅಂದು ಬಾಯಿ ಬಿಡಲಿಲ್ಲ. ಬಿಲ್ಲು ಏರಿದ್ದು ತನ್ನಿಂದಲೇ ಎಂದು ತಿಳಿದರೆ ಆಕೆ ಮತ್ತೆ ನಮ್ಮ ಹೊಸ್ತಿಲು ತುಳಿಯುತ್ತಿರಲಿಲ್ಲ.

ಈಗ ಎಡಗಾಲಿನ ಸರದಿ. ನಿನ್ನೆ ಆಸ್ಪತ್ರೆಯಿಂದ ಅತ್ತೆಯನ್ನು ಕರೆತಂದೆವು. ಹೇಳಿದರೆ ನೊಂದುಕೊಳ್ಳುತ್ತಾಳೆ, ಹೇಳದಿದ್ದರೆ ಮತ್ತೆ ಹದಿನಾರು. ವಾರದಿಂದ ಇದೇ ಯೋಚನೆಯಲ್ಲಿ ಹೈರಾಣಾಗಿ ಕೊನೆಗೊಂದು ಸುಳ್ಳು ಹೊಂದಿಸಿದ್ದೆ.

"ಅತ್ತಿ, ಕಂಪನಿಯವ್ರ ಈ ವರ್ಷ ಅಂಕಿ ಉಲ್ಟಾ ಮಾಡ್ಯಾರ. ಈಗ ಮ್ಯಾಲಿನ ಅಂಕಿ ಇಟ್ರ ಕರೆಂಟ ಕಡಿಮಿ. ಇಪ್ಪತ್ತಾರಕ್ಕ ಇಟ್ಟ, ಅದರ ಜೋಡಿ ಫ್ಯಾನ ಹಚ್ಕೊಂಡ ಮಲಗು."

ಅತ್ತೆ ರಿಮೋಟ್ ನೋಡಿದಳು, ನನ್ನನ್ನು ನೋಡಿದಳು. ಚಿಕ್ಕಂದಿನಲ್ಲಿ ಬೆಲ್ಲ ಕದ್ದಾಗಲೂ ಹೀಗೆಯೇ ನೋಡುತ್ತಿದ್ದಳು.

"ಹೋದ ವರ್ಷನೂ ಹಂಗ ಇತ್ತೇನೋ?"

ನಾನು ತಲೆ ತಗ್ಗಿಸಿದೆ.

"ಇತ್ತ ಅತ್ತಿ. ತಪ್ಪ ನಂದ."

ಬಿಲ್ಲಿನ ಮಾತು ತೆಗೆಯುತ್ತಾಳೆ, ಈಗಲೇ ಊರಿಗೆ ಕಳಿಸು ಎನ್ನುತ್ತಾಳೆ ಎಂದು ಕಾದೆ. ಅತ್ತೆ ಬಾಣ ಒತ್ತಿ ಒಂದೊಂದೇ ಅಂಕಿ ಏರಿಸುತ್ತ ಇಪ್ಪತ್ತಾರಕ್ಕೆ ತಂದು ನಿಲ್ಲಿಸಿದಳು. ಆಮೇಲೆ ಯಾರಿಗೋ ಹೇಳುವಂತೆ ಮೆಲ್ಲಗೆ ಅಂದಳು:

"ಭಾಳ ಥಂಡಿ ಆಗಿತ್ತೋ ತಮ್ಮಾ, ನನಗ."