ಇಳಿಜಾರಿನಲ್ಲಿ ನ್ಯೂಟ್ರಲ್

ಹೈಬ್ರಿಡ್ ಕಾರು ಹೆದ್ದಾರಿಗಿಂತ ಊರಿನ ದಟ್ಟಣೆಯಲ್ಲೇ ಹೆಚ್ಚು ಪೆಟ್ರೋಲ್ ಉಳಿಸುತ್ತದೆಂಬ ಮಾರಾಟಗಾರನ ಮಾತನ್ನು ನಾನು ನಂಬಲಿಲ್ಲ. ಕಣ್ಣಾರೆ ಕಾಣದೆ ಕೊಳ್ಳುವುದಿಲ್ಲವೆಂದು ಹಟ ಹಿಡಿದು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರೀಕ್ಷೆಗೆ ಹೊರಟೆ. ಹೆಬ್ಬಾಳದ ಮೇಲ್ಸೇತುವೆಯ ಇಳಿಜಾರು ಬಂದೊಡನೆ, ಪೆಟ್ರೋಲ್ ಉಳಿಸುವ ಹಳೆಯ ರೂಢಿಯಂತೆ ಗೇರನ್ನು ನ್ಯೂಟ್ರಲ್‌ಗೆ ತಳ್ಳಿದೆ.

“ಅಯ್ಯೋ ಅಪ್ಪಾ, ನ್ಯೂಟ್ರಲ್ ಬೇಡ! ಚಕ್ರ ತಿರುಗೋ ರಭಸದಲ್ಲೇ ಬ್ಯಾಟರಿ ಚಾರ್ಜ್ ಆಗೋದು. ನೀವು ಅದನ್ನೇ ತಪ್ಪಿಸಿಬಿಟ್ರಿ.”

“ಇದನ್ನೂ ಆ ಮಾರೋನೇ ಹೇಳಿದ್ನಾ?”

ಅದನ್ನೂ ಪರೀಕ್ಷಿಸಲೆಂದು ಸುತ್ತಿ ಬಂದು ಮತ್ತೆ ಸೇತುವೆ ಹತ್ತಿದೆ. ಈ ಸಲ ಗೇರು ಮುಟ್ಟದೆ, ಬ್ರೇಕನ್ನು ಮೆಲ್ಲನೆ ಒತ್ತುತ್ತ ಇಳಿದೆ. ಪರದೆಯ ಮೇಲೆ ಬ್ಯಾಟರಿಯ ಗೆರೆ ಏರಿತು. ಕೆಳಗಿನ ದಟ್ಟಣೆಯಲ್ಲಿ ಎಂಜಿನ್ ತಾನಾಗಿ ಸುಮ್ಮನಾಗಿ, ಕಾರು ಆ ವಿದ್ಯುತ್ತಿನಿಂದಲೇ ತೆವಳಿತು.

“ಈಗ್ಲಾದ್ರೂ ತಗೊಳ್ಳೋಣ್ವಾ?”

ಒಮ್ಮೆ ಕಂಡದ್ದು ಆಕಸ್ಮಿಕವಿರಬಹುದು. ಕಾರನ್ನು ಮತ್ತೆ ಸೇತುವೆಯತ್ತ ತಿರುಗಿಸಿದೆ.