ಖಂಡಪ್ಪನ ಪಟಕಾ ಮತ್ತು ಸಣ್ಣ ಗಾಡಿ

ಸಯನ್ ಸ್ಟೇಶನ್ನಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಖಂಡಪ್ಪನನ್ನು ಹುಡುಕಲು ಯಾರೂ ಗಾಡಿಯ ನಂಬರ್ ಕೇಳುತ್ತಿರಲಿಲ್ಲ. ಆರಡಿ ಮೀರಿದ ಆಳು, ಅದರ ಮೇಲೆ ತಲೆಗೆ ಸುತ್ತಿದ ದೊಡ್ಡ ಕೆಂಪು ಪಟಕಾ. ವಿಜಾಪುರದ ಇಂಡಿ ಕಡೆಯವನು. ಚಕ್ಕಡಿ ಹೊಡೆಯುತ್ತಿದ್ದ ಅಪ್ಪ ತೀರಿಕೊಂಡಾಗ, ದಿನಕರ್ಮದ ದಿವಸ ಹಿರಿಯರು ಅಪ್ಪನ ಪಟಕಾವನ್ನೇ ಇವನ ತಲೆಗೆ ಸುತ್ತಿ, "ಇನ್ನ ಮನಿ ಹೊಣಿ ನಿಂದು" ಎಂದಿದ್ದರು. ಅಂದಿನಿಂದ ಮಲಗುವಾಗ ಬಿಟ್ಟರೆ ಅದು ತಲೆಯಿಂದ ಇಳಿದದ್ದಿಲ್ಲ.

ಅವನು ಓಡಿಸುತ್ತಿದ್ದದ್ದು ಹಳೇ ಡಾಜ್ ಕಾರು. ಅದು ಗಾಡಿಯಲ್ಲ, ಗೌಡರ ವಾಡೆ! ಪಟಕಾದ ಮೇಲೂ ಗೇಣು ಜಾಗ ಉಳಿಯುತ್ತಿತ್ತು. ಹಿಂದೆ ಮದುಮಕ್ಕಳು, ಬೀಗರು, ಟ್ರಂಕು ಎಲ್ಲ ತುಂಬಿದ ಮೇಲೂ ಒಬ್ಬ ಮುದುಕಿಯನ್ನು ಕೂರಿಸಬಹುದಿತ್ತು. ಆದರೆ ಎಪ್ಪತ್ತನಾಲ್ಕರಲ್ಲಿ ಪೆಟ್ರೋಲಿನ ಬೆಲೆ ಗಗನಕ್ಕೇರಿತು. ಡಾಜ್ ಕುಡಿಯುವುದನ್ನು ಕಡಿಮೆ ಮಾಡಲಿಲ್ಲ. ಅದರ ಮಾಲಕ ಇಮಾಮಸಾಬ, ಅವನೂ ವಿಜಾಪುರದವನೇ, ಅದನ್ನು ಮಾರಿ ಫಿಯೆಟ್ ತಂದ.

ಫಿಯೆಟ್ಟಿನಲ್ಲಿ ಕುಂದು ಹುಡುಕಲು ಖಂಡಪ್ಪನಿಗೆ ಬಹಳ ಮನಸ್ಸಿತ್ತು, ಕಾರಣ ಸಿಗಲಿಲ್ಲ. ಸ್ಟೇರಿಂಗ್ ಒಂದೇ ಕೈಗೆ ತಿರುಗುತ್ತಿತ್ತು. ಡಾಜ್ ನುಗ್ಗಲಾರದ ಧಾರಾವಿಯ ಓಣಿಗಳಲ್ಲಿ ಇದು ಸಲೀಸಾಗಿ ಹೊಕ್ಕು ಹೊರಬರುತ್ತಿತ್ತು. ತೊಡಕು ಒಂದೇ: ಅವನು ಕೂತರೆ ಪಟಕಾ ಛತ್ತಿಗೆ ತಾಗುತ್ತಿತ್ತು. ಮೊದಲ ದಿನವೇ ತಗ್ಗಿನಲ್ಲಿ ಗಾಡಿ ಕುಣಿದು ಪಟಕಾ ಕಣ್ಣ ಮೇಲೆ ಜಾರಿತು. ಎದುರಿನ ಕೈಗಾಡಿಗೆ ಗುದ್ದುವುದು ಕೂದಲೆಳೆಯಲ್ಲಿ ತಪ್ಪಿತು. ಹಿಂದೆ ಕೂತಿದ್ದ ಇಮಾಮಸಾಬನ ಜೀವ ಬಾಯಿಗೆ ಬಂತು.

"ಖಂಡಪ್ಪಾ, ನಾಳೆ ಬರೇ ತಲೀಲೆ ಬಾ. ಇಲ್ಲಂದ್ರ ಚಾವಿ ಬ್ಯಾರೆದವ್ರಿಗೆ ಕೊಡತೀನಿ. ಮಂದಿ ಜೀವದ ಪ್ರಶ್ನೆ ಐತಿ."

ಆ ಮಾತಿನಲ್ಲಿ ತಪ್ಪಿರಲಿಲ್ಲ. ಚಾವಿ ಹೋದರೆ ಮನೆಯ ಒಲೆ ಹೊತ್ತದು. ಪಟಕಾ ಇಳಿಸಿದರೆ ಸತ್ತ ಅಪ್ಪನಿಗೆ ಏನೆಂದು ಹೇಳುವುದು? ಎರಡರಲ್ಲಿ ಒಂದನ್ನೂ ಬಿಟ್ಟುಕೊಡುವ ಆಸಾಮಿ ಅವನಲ್ಲ.

"ಭಾಯಿ, ಛತ್ತ ಮ್ಯಾಲ ಏರೂದಿಲ್ಲ, ಖರೇ. ನನಗ ಕೆಳಗ ಇಳಿಯಾಕ ಬರತೈತಲ್ಲ? ಇವತ್ತೊಂದಿನ ಗಾಡಿ ನನ್ನ ಕಡೆ ಬಿಡ್ರಿ."

ಸೀದಾ ಧಾರಾವಿಗೆ ಹೋಗಿ, ಚರ್ಮದ ಕೆಲಸದ ಈರಣ್ಣನ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ಡ್ರೈವರ್ ಸೀಟಿನ ಸ್ಪ್ರಿಂಗ್ ಗಾದಿ ಕಿತ್ತುಹಾಕಿದ. ಈರಣ್ಣ ನಾರು ತುಂಬಿ, ರೊಟ್ಟಿಗಿಂತ ತುಸು ದಪ್ಪನೆಯ ಚರ್ಮದ ಹಾಸು ಹೊಲಿದುಕೊಟ್ಟ. ಖಂಡಪ್ಪ ಅದರ ಮೇಲೆ ಕೂತ. ಪಟಕಾ ಛತ್ತು ಬಿಟ್ಟು ಕೆಳಗಿಳಿಯಿತು. ಮೊಣಕಾಲುಗಳು ಮಾತ್ರ ಸ್ಟೇರಿಂಗಿನ ಎರಡೂ ಬದಿ ಎದ್ದು ನಿಂತವು.

"ಥೇಟ್ ಮಿಡತಿ ಕುಂತಂಗ ಕಾಣತಿ ನೋಡು" ಎಂದು ಈರಣ್ಣ ನಕ್ಕ. ಖಂಡಪ್ಪ ನಗಲಿಲ್ಲ.

ಮರುದಿನ ಇಮಾಮಸಾಬನನ್ನು ಹಿಂದೆ ಕೂರಿಸಿಕೊಂಡು ಬಾಂದ್ರಾಕ್ಕೆ ಹೊಡೆದ. ಬೇಕೆಂದೇ ತಗ್ಗು ದಿನ್ನೆಯ ರಸ್ತೆ ಹಿಡಿದ. ಗಾಡಿ ಕುಣಿಯಿತು, ಪಟಕಾ ಅಲುಗಲಿಲ್ಲ. ಇಳಿದ ಇಮಾಮಸಾಬ ಪಟಕಾ ನೋಡಿದ, ಮೊಣಕಾಲು ನೋಡಿದ. "ಭಾರೀ ಹಠಮಾರಿ ಇದ್ದೀ ಬಿಡು" ಎಂದು ಚಾವಿಯನ್ನು ಅವನ ಕೈಯಲ್ಲೇ ಬಿಟ್ಟು ನಡೆದ.

ವರ್ಷ ಕಳೆದಂತೆ ಆ ಕಾಲುಗಳು ಸೇಡು ತೀರಿಸಿಕೊಂಡವು. ಮನೆಗೆ ಬಂದರೆ ನೆಟ್ಟಗೆ ಚಾಚಲು ಆಗುತ್ತಿರಲಿಲ್ಲ. ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದ ಹೆಂಡತಿ ಹನುಮವ್ವ ಒಂದು ಸಂಜೆ ತಡೆಯಲಾರದೆ ಅಂದೇಬಿಟ್ಟಳು.

"ಗಾಡ್ಯಾಗರ ಆ ಪಟಕಾ ತಗದಿಡ್ರಲಾ. ಮಣಕಾಲ ಸವದು ಹೋದಾವು."

ಖಂಡಪ್ಪ ತಲೆಯ ಮೇಲಿನ ಪಟಕಾ ಸರಿಮಾಡಿಕೊಂಡ.

"ಮಣಕಾಲು ನನ್ನವು, ಪಟಕಾ ಅಪ್ಪಂದು. ಸವದ್ರ ನನ್ನವೇ ಸವೀಲಿ ಬಿಡು."