ಎರಡನೆಯ ಗುಂಡು

ಅಜ್ಜನ ಎಡಗಿವಿ ಪೂರ್ತಿ ಕಿವುಡು. ಕೋವಿಯನ್ನು ಬಲ ಹೆಗಲಿಗಿಟ್ಟು ಹೊಡೆಯುವವರಿಗೆ ಎಡಗಿವಿಯೇ ಮೊದಲು ಹೋಗುವುದಂತೆ. ಯಾರು ಮಾತಿಗೆ ಬಂದರೂ ಅವರು ಕತ್ತು ಹೊರಳಿಸಿ ಬಲಗೆನ್ನೆ ಮುಂದೆ ಮಾಡುತ್ತಿದ್ದರು. ಹೊಸಬರಿಗೆ ಮುನಿಸಿಕೊಂಡವರಂತೆ ಕಾಣುತ್ತಿತ್ತು. ನಾನು ಹಾಸನದ ಕಡೆಯವಳು. ಕಾಫಿ ತೋಟಗಳ ಸೀಮೆಯಲ್ಲಿ ಅಮ್ಮತ್ತಿಯಿಂದಾಚೆಯ ಒಂದು ಊರಿನ ಆರೋಗ್ಯ ಉಪಕೇಂದ್ರಕ್ಕೆ ನರ್ಸ್ ಆಗಿ ವರ್ಗವಾಗಿ ಬಂದ ಮೊದಲ ದಿನವೇ ಪಕ್ಕದ ಮನೆಯ ಈ ಅಜ್ಜ ನನಗೆ ನಿಯಮ ಹೇಳಿಕೊಟ್ಟರು: "ಒಳ್ಳೆ ಸುದ್ದಿ ಇದ್ರೆ ಬಲಗಡೆ ಬಂದು ಹೇಳಿ ಸಿಸ್ಟರೇ. ಕೆಟ್ಟದ್ದಾದ್ರೆ ಎಡಗಡೆಯಿಂದ ಹೇಳಿ ಹೋಗಿಬಿಡಿ."

ಬಲಗಡೆಯ ಸುದ್ದಿ ನನ್ನ ಬಳಿ ಕಡಿಮೆಯೇ ಇರುತ್ತಿತ್ತು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ತಿಂಗಳು ತುಂಬುವ ಮೊದಲೇ ಮುಗಿಯುತ್ತಿದ್ದವು. ಮಕ್ಕಳ ಲಸಿಕೆ ಮಾತ್ರ ತಂದ ಪೆಟ್ಟಿಗೆಯಲ್ಲೇ ವಾಪಸು ಹೋಗುತ್ತಿತ್ತು. ಊರವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಹರೆಯದವರು ಇದ್ದದ್ದು ಎಸ್ಟೇಟಿನ ಕೂಲಿಕಾರರ ಲೈನ್ ಮನೆಗಳಲ್ಲಿ. ಅವರು ಅಸ್ಸಾಂ, ಜಾರ್ಖಂಡ್ ಕಡೆಯಿಂದ ಕಾಫಿ ಕುಯ್ಲಿಗೆ ಬಂದವರು, ಕುಯ್ಲು ಮುಗಿದರೆ ಹೊರಟುಹೋಗುವವರು.

ಆ ಊರಿನಲ್ಲಿ ಸಾವಾದರೆ ಬೆನ್ನುಬೆನ್ನಿಗೆ ಎರಡು ಗುಂಡು ಹಾರಿಸುತ್ತಾರೆ. ಕೇಳಿದವರು ಬಿಳಿ ಬಟ್ಟೆ ಉಟ್ಟು ಹೊರಡುತ್ತಾರೆ. ಗಂಡುಮಗು ಹುಟ್ಟಿದರೆ ಒಂದೇ ಗುಂಡು. ಬೇರೆ ಮನೆಗಳಲ್ಲಿ ಕೋವಿ ಎತ್ತುವವರಿಲ್ಲದೆ ಆ ಕೆಲಸವೆಲ್ಲ ಅಜ್ಜನ ಪಾಲಿಗೇ ಬಂದಿತ್ತು. ಆಗಾಗ ಬಂದು ನನ್ನ ಹೆರಿಗೆ ರಿಜಿಸ್ಟರಿನ ಖಾಲಿ ಪುಟ ನೋಡಿ, "ಎರಡೆರಡು ಹೊಡೆದು ಸಾಕಾಗಿದೆ. ಸಾಯೋದ್ರೊಳಗೆ ಇನ್ನೊಂದ್ಸಲ ಒಂದೇ ಹೊಡೀಬೇಕು ನೋಡಿ," ಎನ್ನುತ್ತಿದ್ದರು. ತಮಾಷೆಗೆ ಹೇಳುತ್ತಿದ್ದಾರೆ ಅಂದುಕೊಂಡಿದ್ದೆ.

ಒಂದು ಕುಯ್ಲಿನ ನಡುವೆ ಲೈನಿನ ಜಾರ್ಖಂಡ್ ಹುಡುಗಿಯೊಬ್ಬಳಿಗೆ ಹೆರಿಗೆ ನೋವು ಬಂತು. ತಾಲೂಕು ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಮೂರನೆಯ ದಿನ ಬೆಳಿಗ್ಗೆ ತಾಯಿಯನ್ನೂ ಮಗುವನ್ನೂ ಲೈನಿಗೆ ಬಿಟ್ಟು ಬಂದು, ಅಜ್ಜನ ಬಲಗಡೆ ನಿಂತು ಸುದ್ದಿ ಹೇಳಿದೆ.

"ಗಂಡಾ?"

"ಹೆಣ್ಣು, ಅಜ್ಜ."

ಅಜ್ಜ ಎದ್ದು ಒಳಗಿಂದ ಕೋವಿ ತಂದು, ಆಕಾಶಕ್ಕೆ ಗುರಿಯಿಟ್ಟು ಒಂದು ಗುಂಡು ಹಾರಿಸಿದರು.

ಅರ್ಧ ಗಂಟೆಯಲ್ಲಿ ಊರಿನ ಹಿರಿಯರೆಲ್ಲ ಬಂದು ಸೇರಿದರು. ಎಲ್ಲರೂ ಬಿಳಿ ಬಟ್ಟೆಯಲ್ಲಿ! ಒಂದು ಗುಂಡು ಕೇಳಿದವರು ಎರಡನೆಯದು ತಮಗೆ ಕೇಳಿಸಲಿಲ್ಲ ಅಂದುಕೊಂಡಿದ್ದರು. ಒಂದೇ ಹಾರಿರಬಹುದು ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ಮೊದಲು ಬಂದವರು ಅಜ್ಜನ ವಾರಿಗೆಯ, ಸೇನೆಯಿಂದ ನಿವೃತ್ತರಾದ ಸುಬೇದಾರರು. ಮೆಟ್ಟಿಲ ಬಳಿ ಕೋಲೂರಿ ನಿಂತು ಕೇಳಿದರು, "ಯಾರು ಹೋದದ್ದು?"

"ಯಾರೂ ಹೋಗಲಿಲ್ಲ ಮಾರಾಯ. ಬಂದದ್ದು!" ಅಜ್ಜ ನಕ್ಕರು. "ಲೈನಿನಲ್ಲಿ ಹೆಣ್ಣುಮಗು."

ಸುಬೇದಾರರಿಗೆ ಸಿಟ್ಟು ನೆತ್ತಿಗೇರಿತು. "ಹೆಣ್ಣಿಗೆ ಯಾರಾದರೂ ಗುಂಡು ಹೊಡೀತಾರಾ? ಅದೂ ಎಲ್ಲಿಂದಲೋ ಬಂದವರ ಮಗುವಿಗೆ!"

ಅಜ್ಜ ನಿಧಾನವಾಗಿ ಕತ್ತು ತಿರುಗಿಸಿ ಅವರಿಗೆ ಎಡಗಿವಿ ಕೊಟ್ಟರು. ಅವರು ಕೂಗಿ ಸುಸ್ತಾದ ಮೇಲೆ ಇಷ್ಟೇ ಅಂದರು: "ಇನ್ನು ಇಪ್ಪತ್ತು ವರ್ಷಕ್ಕೆ ಈ ದಾರೀಲಿ ಓಡಾಡೋರು ಯಾರು? ನೀನಾ, ನಾನಾ? ಕೂತ್ಕೋ, ಕಾಫಿ ಕುಡಿ." ಬಿಳಿ ಬಟ್ಟೆಯವರೆಲ್ಲ ಕೂತು ಕಾಫಿ ಕುಡಿದರು. "ಬೇಕಾದ್ದು ಮಾತ್ರ ಕೇಳ್ತದೆ ಇವನಿಗೆ," ಎಂದು ಸುಬೇದಾರರು ಗೊಣಗಿದರೂ ಲೋಟ ಖಾಲಿ ಮಾಡಿಯೇ ಹೋದರು.

ಕುಯ್ಲು ಮುಗಿದ ಮೇಲೂ ಆ ಕುಟುಂಬ ಊರು ಬಿಡಲಿಲ್ಲ. ಅದಕ್ಕೆ ಗುಂಡೇ ಕಾರಣ ಎಂದು ನಾನು ಹೇಳಲಾರೆ. ಎಸ್ಟೇಟಿನಲ್ಲಿ ವರ್ಷವಿಡೀ ಕೆಲಸ ಸಿಕ್ಕಿತ್ತು. ಆದರೆ ವರ್ಗಾವಣೆಗೆ ಅರ್ಜಿ ಬರೆದಿಟ್ಟುಕೊಂಡಿದ್ದ ನಾನೂ ಅದನ್ನು ಕಳಿಸಲಿಲ್ಲ. ನನ್ನ ವಿಷಯದಲ್ಲಿ ಮಾತ್ರ ಕಾರಣ ಅಜ್ಜನೇ.

ಅಜ್ಜ ಆಮೇಲೆ ಕೋವಿ ಮುಟ್ಟಲಿಲ್ಲ. "ಕೈ ನಡುಗ್ತದೆ. ಕೊನೇದು ಒಂದೇ ಹೊಡೆದದ್ದಾಯ್ತಲ್ಲ, ಸಾಕು," ಎಂದು ಅದನ್ನು ಗೋಡೆಗೆ ತೂಗುಹಾಕಿದರು. ಊರಿನ ಸಾವಿನ ಸುದ್ದಿಗಳು ಮೊಬೈಲಿನಲ್ಲಿ ಬರತೊಡಗಿದವು. ಲೈನಿನ ಮಗು ನಡೆಯಲು ಕಲಿತು ದಿನಾ ಅಜ್ಜನ ಜಗಲಿಗೆ ಬರತೊಡಗಿತು. ನೀನು ಬಂದಾಗ ಊರಿಗೆಲ್ಲ ಹೇಳಿದ್ದು ಈ ಕೋವಿಯೇ ಎಂಬ ಕಥೆಯನ್ನು ಅವಳಿಗೆ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ಎರಡು ಗುಂಡಿನ ವಿಷಯ ಮಾತ್ರ ಅವರು ಹೇಳಲೇ ಇಲ್ಲ.

ಕಳೆದ ವರ್ಷ ಒಂದು ಬೆಳಿಗ್ಗೆ ಅಜ್ಜ ಕೂತಲ್ಲೇ ಹೋಗಿಬಿಟ್ಟರು. ನಾಡಿ ನೋಡಿದವಳು ನಾನೇ. ನೆಲ್ಯಹುದಿಕೇರಿಯಿಂದ ಬಂದ ಅಜ್ಜನ ಅಣ್ಣನ ಮಗ ಅದೇ ಕೋವಿ ಇಳಿಸಿ ಎರಡು ಗುಂಡು ಹಾರಿಸಿದ. ಬಿಳಿ ಬಟ್ಟೆಯವರು ಬಂದು ಸೇರುವಷ್ಟರಲ್ಲಿ, ನಾಲ್ಕು ವರ್ಷದ ಆ ಹುಡುಗಿ ಲೈನಿನಿಂದ ಏದುಸಿರು ಬಿಡುತ್ತ ಓಡಿ ಬಂದಳು. ಮುಖದ ತುಂಬ ನಗು.

"ಸಿಸ್ಟರಾಂಟಿ, ಯಾರ ಮನೆಗೆ ಪಾಪು ಬಂತು?"

ಎಷ್ಟೋ ಸಾವುಗಳನ್ನು ರಿಜಿಸ್ಟರಿಗೆ ಬರೆದುಕೊಂಡ ನಾನು ಅವತ್ತು ಎಲ್ಲರೆದುರು ಅತ್ತುಬಿಟ್ಟೆ. ಏನೂ ತಿಳಿಯದೆ ಅವಳು ಅಜ್ಜನ ಬಳಿ ಹೋಗಿ, ಅವರನ್ನು ಕೂಗಿ ಎಬ್ಬಿಸಲು ಎಡಗಿವಿಯ ಬಳಿ ಬಗ್ಗಿದಳು. ಸುಬೇದಾರರು ಕೋಲೂರಿಕೊಂಡು ಎದ್ದು ಬಂದು ಅವಳ ಕೈ ಹಿಡಿದುಕೊಂಡರು.

"ಈ ಕಡೆ ಬಾ ಮಗ, ಬಲಗಡೆ," ಅಂದರು. "ಆ ಕಿವಿ ಅವನಿಗೆ ಕೇಳೋದಿಲ್ಲ."